ಹನ್ನೆರಡು ಚಿತ್ರಗಳ ಯಾತ್ರೆ

ಮಂಗಳೂರಿನಿಂದ ಪೂರ್ವದಿಕ್ಕಿಗೆ ಹೊರಟ ಪ್ರವಾಸಿಗನಿಗೆ ಸುಮಾರು ೨೫ ಕಿಲೋಮೀಟರು ಸಾಗುವಷ್ಟರಲ್ಲಿ ಬಂಟ್ವಾಳವು ಎದುರಾಗುವುದು. ಅಲ್ಲಿಂದ ಘಟ್ಟದ ಬುಡದತ್ತ ಮುಂದುವರಿದರೆ ಬೆಳ್ತಂಗಡಿ. ಮರಳಿ ಗುರುವಾಯನಕೆರೆಗೆ ಬಂದು ವೇಣೂರಿನ ದಾರಿ ಹಿಡಿದರೆ ಮೂಡಬಿದಿರೆ. ಬೆಳಗ್ಗೆ ಬೇಗನೆ ಹೊರಟವರು ಈ ಮೂರು ಊರುಗಳನ್ನೂ ಸಂಜೆಯೊಳಗೆ ಸುತ್ತಿ ಬರಬಹುದು. ಹಾಗೆ ಸುತ್ತಿ ಬಂದವರ ಕೈಯ ಫೋನಿನಲ್ಲಿ ಇನ್ನೂರು ಮುನ್ನೂರು ಚಿತ್ರಗಳು ತುಂಬಿರುತ್ತವೆ. ಮನೆಗೆ ಬಂದ ಮೇಲೆ ಅವುಗಳನ್ನು ಮತ್ತೊಮ್ಮೆ ನೋಡುವ ವ್ಯವಧಾನ ಎಷ್ಟು ಮಂದಿಗೆ ದೊರೆಯುವುದೋ ಹೇಳುವುದು ಕಷ್ಟ.

ಇದೇ ದಾರಿಯಲ್ಲಿ ಕಪ್ಪು-ಬಿಳುಪು ಫಿಲ್ಮಿನ ಒಂದೇ ಒಂದು ಸುರುಳಿಯೊಡನೆ ಹೊರಟ ಛಾಯಾಗ್ರಾಹಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನ ಹೆಗಲಲ್ಲಿ ಎರಡು ಮಸೂರಗಳುಳ್ಳ ಹಳೆಯ ಮಾದರಿಯ ಕ್ಯಾಮರಾ, ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಜೇಬಿನಲ್ಲಿ ಎರಡು ಮೂರು ಬಣ್ಣದ ಗಾಜುಗಳು. ಆ ಸುರುಳಿಯಲ್ಲಿ ಮೂಡುವುದು ಹನ್ನೆರಡೇ ಚಿತ್ರ. ಹದಿಮೂರನೆಯದಕ್ಕೆ ಎಡೆಯಿಲ್ಲ, ತೆಗೆದುದನ್ನು ಅಳಿಸುವಂತಿಲ್ಲ, ಹೇಗೆ ಬಂದಿದೆಯೆಂದು ಅಲ್ಲಿಯೇ ನೋಡುವಂತೆಯೂ ಇಲ್ಲ. ಈ ಬಡತನವೇ ಅವನ ಬಂಡವಾಳ. ಹನ್ನೆರಡರಲ್ಲಿ ಒಂದನ್ನು ವ್ಯಯಿಸುವ ಮುನ್ನ ಅವನು ನೋಡಲೇಬೇಕಾಗುವುದು, ಮತ್ತು ಕಾಯಲೇಬೇಕಾಗುವುದು.

ಕನ್ನಡ ನಾಡಿಗೆ ಈ ತಾಳ್ಮೆಯ ಕಲೆ ಹೊಸತೇನೂ ಅಲ್ಲ. ಬೆಂಗಳೂರಿನಲ್ಲಿದ್ದ ಮದ್ರಾಸು ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ಎಂಬಾತನು ೧೮೫೪ರ ಕೊನೆಯಲ್ಲಿಯೇ ಹಳೇಬೀಡು, ಬೇಲೂರುಗಳ ಗುಡಿಗಳ ಮುಂದೆ ಕ್ಯಾಮರಾ ಹೂಡಿದ್ದನು. ನಮ್ಮ ಕಾಲಕ್ಕೆ ಬಂದರೆ ಸಂಡೂರಿನ ರಾಜವಂಶದವರೂ ರಾಜ್ಯದ ಸಚಿವರೂ ಆಗಿದ್ದ ಎಂ. ವೈ. ಘೋರ್ಪಡೆಯವರು ಆನೆ, ಹುಲಿ, ಕಾಡುಗಳನ್ನು ಕಪ್ಪು-ಬಿಳುಪಿನಲ್ಲಿಯೇ ಕಂಡರು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಗ್ರಂಥ ೧೯೮೩ರಲ್ಲಿ ಪ್ರಕಟವಾಯಿತು. ೨೦೧೭ರಲ್ಲಿ ತೀರಿಕೊಂಡ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು ಹಕ್ಕಿಗಳ ಕಪ್ಪು-ಬಿಳುಪು ಚಿತ್ರಗಳಿಂದ ದೇಶವಿದೇಶಗಳಲ್ಲಿ ಹೆಸರಾದರು. ಮೃಗಪಕ್ಷಿಗಳು ಕಣ್ಣಿಗೆ ಬೀಳುವವರೆಗೆ ಇವರು ಕಾದರು. ಭೂದೃಶ್ಯದ ಚಿತ್ರಕಾರನಿಗಾದರೋ ಬೆಟ್ಟವೂ ಹೊಳೆಯೂ ಕಣ್ಣೆದುರಿನಲ್ಲಿಯೇ ಇವೆ. ಅವನು ಕಾಯುವುದು ಬೆಳಕಿಗಾಗಿ.

ಹಸುರಿನ ತೊಡಕು

ತುಳುನಾಡಿನಲ್ಲಿ ಕಪ್ಪು-ಬಿಳುಪಿಗೆ ಏನು ಕೆಲಸವೆಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ ಸುರಿಯುವ ಈ ಸೀಮೆಯ ಸೊಬಗೆಲ್ಲವೂ ಬಣ್ಣದಲ್ಲಿದೆ. ಬೈಲಿನ ಭತ್ತದ ಎಳೆಹಸುರು, ಅಡಿಕೆ ತೋಟದ ಕಡುಹಸುರು, ಅವುಗಳ ನಡುವೆ ಮುರಕಲ್ಲಿನ ಕೆಂಪು ಗೋಡೆ. ಇವನ್ನು ಸಾಧಾರಣ ಕಪ್ಪು-ಬಿಳುಪು ಫಿಲ್ಮಿನ ಮುಂದಿಟ್ಟರೆ ಎಲೆಯ ಹಸುರೂ ಕಲ್ಲಿನ ಕೆಂಪೂ ಹೆಚ್ಚು ಕಡಿಮೆ ಒಂದೇ ಬಗೆಯ ಬೂದಿಬಣ್ಣವಾಗಿ ಬೆರೆತುಹೋಗುವುವು. ಕಣ್ಣಿಗೆ ಹಬ್ಬವಾಗಿದ್ದ ನೋಟ ಕಾಗದದ ಮೇಲೆ ಸಪ್ಪೆಯಾಗುವುದು. ಹೊಸಬರು ನಿರಾಶರಾಗುವುದು ಇಲ್ಲಿಯೇ.

ಅನುಭವಿಯು ಇದಕ್ಕೆ ಎರಡು ಉಪಾಯಗಳನ್ನು ಬಲ್ಲನು. ಮೊದಲನೆಯದು ಅವನ ಜೇಬಿನ ಬಣ್ಣದ ಗಾಜು. ಮಸೂರದ ಮುಂದೆ ಕೆಂಪು ಗಾಜನ್ನು ಹಿಡಿದರೆ ಮುರಕಲ್ಲಿನ ಗೋಡೆ ಬೆಳ್ಳಗಾಗಿ ಎಲೆಗಳು ಕಪ್ಪಾಗುವುವು. ಹಸುರು ಗಾಜನ್ನು ಹಿಡಿದರೆ ಗೋಡೆ ಕಪ್ಪಾಗಿ ತೋಟ ಬೆಳಗುವುದು. ಪ್ರತಿಯೊಂದು ಗಾಜೂ ತನ್ನ ಸುಂಕವನ್ನು ವಸೂಲು ಮಾಡದೆ ಬಿಡದು. ಹಳದಿ ಗಾಜಿಗೆ ಬೆಳಕು ಎರಡು ಪಾಲು ಬೇಕು, ಗಾಢವಾದ ಕೆಂಪಿಗೆ ಎಂಟು ಪಾಲು. ಎರಡನೆಯ ಉಪಾಯಕ್ಕೆ ಹಣ ಬೇಡ, ಹೊತ್ತು ಬೇಕು. ನಡುಹಗಲಿನಲ್ಲಿ ನೆತ್ತಿಯ ಮೇಲಿನಿಂದ ಸುರಿಯುವ ಬಿಸಿಲು ತೋಟವನ್ನು ಚಪ್ಪಟೆ ಮಾಡುವುದು. ಅದೇ ಬಿಸಿಲು ಮುಂಜಾನೆ ಓರೆಯಾಗಿ ಬಂದಾಗ ಒಂದೊಂದು ಅಡಿಕೆ ಮರಕ್ಕೂ ಒಂದು ಬೆಳಕಿನ ಅಂಚು, ಒಂದು ನೆರಳು. ಬಣ್ಣ ಬೇರ್ಪಡಿಸಲಾರದುದನ್ನು ನೆರಳು ಬೇರ್ಪಡಿಸುವುದು. ಬಣ್ಣವನ್ನು ಕಳೆದುಕೊಂಡವನಿಗೆ ನೆಲದ ಏರಿಳಿತ, ಗೋಡೆಯ ಒರಟು, ನೀರಿನ ನುಣುಪು ಕಾಣಿಸತೊಡಗುವುದು ಹೀಗೆ.

ಹೊಳೆಯ ಬದಿಯಲ್ಲಿ

ಬಂಟ್ವಾಳದ ಪೇಟೆ ನೇತ್ರಾವತಿಯ ಉತ್ತರ ದಂಡೆಗೆ ಅಂಟಿಕೊಂಡು ಬೆಳೆದುದು. ರಸ್ತೆಗಳು ಬಲಗೊಳ್ಳುವ ಮುನ್ನ ಘಟ್ಟದ ಮೇಲಿನ ಕಾಫಿ ಮೊದಲಾದ ಸರಕುಗಳು ಇಲ್ಲಿಗೆ ಇಳಿದು, ದೋಣಿಯೇರಿ ಮಂಗಳೂರಿಗೆ ಹೋಗುತ್ತಿದ್ದುವು. ಕನ್ನಡದ ಮಕ್ಕಳಿಗೆ ಹಾಡು ಕಥೆಗಳನ್ನು ಕೊಟ್ಟ ಪಂಜೆ ಮಂಗೇಶರಾಯರು ೧೮೭೪ರಲ್ಲಿ ಹುಟ್ಟಿದುದು ಇದೇ ಊರಿನಲ್ಲಿ. ಹೊಳೆ ಊರಿಗೆ ಅನ್ನ ಕೊಟ್ಟಂತೆ ಆಗಾಗ ಲೆಕ್ಕವನ್ನೂ ಕೇಳಿದೆ. ೧೯೨೩ರ ಮತ್ತು ೧೯೭೪ರ ನೆರೆಗಳ ಹೆಸರು ಹೇಳಿದರೆ ಇಂದಿಗೂ ಹಳಬರ ಮನೆಗಳಲ್ಲಿ ಮಾತು ನಿಧಾನವಾಗುವುದು.

ಛಾಯಾಗ್ರಾಹಕನು ಇಲ್ಲಿಗೆ ಬರಬೇಕಾದುದು ಮಳೆಗಾಲ ಕಳೆದ ಮೇಲೆ, ನವೆಂಬರ್ ಡಿಸೆಂಬರಿನ ಮುಂಜಾವಿನಲ್ಲಿ. ಆ ಹೊತ್ತಿಗೆ ಕೆಳಗಿನ ತುಂಬೆಯಲ್ಲಿ ಕಿಂಡಿ ಅಣೆಕಟ್ಟಿನ ಬಾಗಿಲು ಹಾಕಿ ಮಂಗಳೂರಿನ ಕುಡಿಯುವ ನೀರನ್ನು ತಡೆಹಿಡಿದಿರುವುದರಿಂದ ಹೊಳೆ ಹರಿಯುವುದನ್ನು ಮರೆತಂತೆ ನಿಂತಿರುವುದು. ನೀರಿನ ಮೇಲೆ ಮಂಜು; ಮಂಜಿನೊಳಗಿಂದ ಪಾಣೆಮಂಗಳೂರಿನ ಹಳೆಯ ಉಕ್ಕಿನ ಸೇತುವೆಯ ಆಕಾರ. ಅವನು ಸ್ಟ್ಯಾಂಡನ್ನು ಊರಿ, ತಲೆ ಬಾಗಿಸಿ, ಕ್ಯಾಮರಾದ ಮೇಲುಭಾಗದ ಮಬ್ಬು ಗಾಜಿನೊಳಗೆ ನೋಡುತ್ತಾನೆ. ಈ ಬಗೆಯ ಕ್ಯಾಮರಾದಲ್ಲಿ ಎಡವು ಬಲವಾಗಿಯೂ ಬಲವು ಎಡವಾಗಿಯೂ ಕಾಣುವುದರಿಂದ, ಕಡಲಿಗೆ ಹೋಗಬೇಕಾದ ನೇತ್ರಾವತಿ ಅಲ್ಲಿ ಘಟ್ಟದತ್ತ ತಿರುಗಿದಂತೆ ತೋರುವುದು. ನಿತ್ಯ ಕಂಡ ಹೊಳೆಯನ್ನು ಪರಸ್ಥಳದವನಂತೆ ನೋಡಲು ಇಷ್ಟು ಸಾಕು.

ಸೂರ್ಯನು ತೆಂಗಿನ ತಲೆಗಳ ಮೇಲೆ ಬರುವವರೆಗೆ ಮಂಜು ಬರಿಯ ಬಿಳುಪು. ಬಂದು ಅರ್ಧ ಗಂಟೆಯಾದರೆ ಮಂಜೇ ಇರದು. ಇವೆರಡರ ನಡುವಿನ ನಾಲ್ಕಾರು ನಿಮಿಷಗಳಲ್ಲಿ ಸೇತುವೆಯ ಉಕ್ಕು, ಅದರ ನೆರಳು, ನೀರು ಮೂರೂ ಬೇರೆ ಬೇರೆಯಾಗಿ ನಿಲ್ಲುವುವು. ಸ್ನಾನಕ್ಕೆ ಬಂದ ಹಿರಿಯರೊಬ್ಬರು ನಿಂತು, “ಎಂತ ಮಾರಾಯ್ರೆ, ಆಗದಿಂದ ನಿಂತಿದ್ದೀರಿ, ಇನ್ನೂ ಫೋಟೋ ತೆಗೆದಾಗಲಿಲ್ಲವಾ?” ಎಂದು ಕೇಳುವುದು ಇಂತಹ ಹೊತ್ತಿನಲ್ಲಿಯೇ. ಉತ್ತರ ಕೊಟ್ಟು ತಿರುಗುವಷ್ಟರಲ್ಲಿ ಬೆಳಕು ದಾಟಿಹೋದರೆ ಯಾರನ್ನೂ ದೂರುವಂತಿಲ್ಲ. ನಾಳೆ ಮತ್ತೆ ಬರಬೇಕು. ಸೇತುವೆಗೆ ಒಂದು, ದಂಡೆಯ ಬಂಡೆಗಳಿಗೆ ಒಂದು, ಪೇಟೆಬೀದಿಯ ಹಂಚಿನ ಮಾಡುಗಳಿಗೆ ಒಂದು. ಬಂಟ್ವಾಳಕ್ಕೆ ಮೂರು ಚಿತ್ರ ಸಂದವೆಂದಾಯಿತು.

ಗಡಾಯಿಕಲ್ಲಿನ ಎರಡು ಮುಖಗಳು

ಬೆಳ್ತಂಗಡಿಯನ್ನು ಸಮೀಪಿಸಿದಂತೆ ಒಂಟಿ ಬಂಡೆಯೊಂದು ಆಕಾಶಕ್ಕೆ ತಲೆಯೆತ್ತಿ ನಿಂತಿರುವುದು ಕಾಣುವುದು. ಅದೇ ಗಡಾಯಿಕಲ್ಲು. ಸಮುದ್ರಮಟ್ಟದಿಂದ ಸುಮಾರು ೧,೭೦೦ ಅಡಿ ಎತ್ತರದ ಈ ಬಂಡೆಯ ಮೇಲೆ ಹಿಂದೆ ನರಸಿಂಹಗಡವೆಂಬ ಕೋಟೆಯಿದ್ದಿತು. ಟಿಪ್ಪು ಸುಲ್ತಾನನು ೧೭೯೪ರಲ್ಲಿ ಅಲ್ಲಿ ಹೊಸ ಕೋಟೆಯನ್ನು ಕಟ್ಟಿಸಿ, ತನ್ನ ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟನು. ೧೭೯೯ರಲ್ಲಿ ಅದು ಇಂಗ್ಲಿಷರ ವಶವಾಯಿತು. ಬಂಡೆಯಲ್ಲಿಯೇ ಕಡಿದ ಸಾವಿರದೆಂಟುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಏರಿದವರಿಗೆ ಸುತ್ತಲ ಸೀಮೆಯೆಲ್ಲ ಅಂಗೈಯಲ್ಲಿಟ್ಟಂತೆ ಕಾಣುವುದು.

ಬಂಡೆಯ ಪೂರ್ವಕ್ಕೆ ಕುದುರೆಮುಖದ ಗಿರಿಶ್ರೇಣಿ ಗೋಡೆಯಂತೆ ನಿಂತಿದೆ. ಆದುದರಿಂದ ಇಲ್ಲಿ ಸೂರ್ಯೋದಯವು ಪಂಚಾಂಗದಲ್ಲಿ ಹೇಳಿದ ಹೊತ್ತಿಗೆ ಆಗುವುದಿಲ್ಲ. ಸೂರ್ಯನು ಘಟ್ಟವನ್ನು ಏರಿ ಇಣುಕಿದ ಮೇಲೆ ಆಗುವುದು. ಪೇಟೆಯ ಕಡೆಯಿಂದ ನೋಡುವವರಿಗೆ ಬೆಳಗಿನಲ್ಲಿ ಗಡಾಯಿಕಲ್ಲು ಬರಿಯ ಕಪ್ಪು ಆಕೃತಿ, ಮೈಯೇ ಇಲ್ಲದ ನೆರಳು. ಸಂಜೆ ಕಡಲಿನತ್ತಣಿಂದ ಬಿಸಿಲು ಬಂದಾಗ ಅದೇ ಬಂಡೆಯ ಮೈಮೇಲೆ ನೀರಿಳಿದ ಗೆರೆಗಳೂ ಬಿರುಕುಗಳಲ್ಲಿ ಬೇರೂರಿದ ಪೊದೆಗಳೂ ಎಣಿಸುವಷ್ಟು ಸ್ಪಷ್ಟವಾಗುವುವು. ಹತ್ತಿರದವರು ದಿನವೂ ಕಾಣುವ ಈ ಎರಡು ಮುಖಗಳನ್ನು ಒಂದೇ ಮಧ್ಯಾಹ್ನ ಕಾರು ನಿಲ್ಲಿಸಿ ಹೋಗುವವರು ಕಾಣಲಾರರು.

ಛಾಯಾಗ್ರಾಹಕನ ಜೇಬಿನ ಕೆಂಪು ಗಾಜು ಇಲ್ಲಿ ಅವನಿಗೆ ಆಸೆ ಹುಟ್ಟಿಸುವುದು. ಅದನ್ನು ಹಾಕಿದೊಡನೆ ನೀಲಿ ಆಕಾಶ ಕಪ್ಪಾಗಿ, ಬಿಳಿ ಮೋಡ ಎದ್ದು ನಿಂತು, ದೂರದ ಬೆಟ್ಟಗಳ ಮೇಲಿನ ನೀಲಿಮಬ್ಬು ಹರಿದುಹೋಗಿ, ನಾಟಕದ ಪರದೆಯಂತಹ ಚಿತ್ರವೊಂದು ಸಿದ್ಧವಾಗುವುದು. ನೋಡಿದವರು ಭಲೆ ಎನ್ನುವರು. ಆದರೆ ಘಟ್ಟದ ಸಾಲುಗಳು ಒಂದರ ಹಿಂದೊಂದು ತೆಳುವಾಗುತ್ತ, ಕೊನೆಯದು ಆಕಾಶದೊಡನೆ ಕರಗಿಹೋಗುವ ಗುಟ್ಟೆಲ್ಲವೂ ಇರುವುದು ಆ ಮಬ್ಬಿನಲ್ಲಿಯೇ. ಮಬ್ಬನ್ನು ಅಳಿಸಿದರೆ ಹತ್ತು ಮೈಲಿಯ ದೂರ ಒಂದು ಗೋಡೆಯಷ್ಟಾಗುವುದು. ಶಾಂತವಾದ ಚಿತ್ರವನ್ನು ಬಯಸುವವನು ಕೆಂಪನ್ನು ಜೇಬಿಗೆ ಹಾಕಿ, ಹಳದಿಯಿಂದ ತೃಪ್ತನಾಗುತ್ತಾನೆ. ಕೆಲವೊಮ್ಮೆ ಅದನ್ನೂ ತೆಗೆದಿರಿಸುತ್ತಾನೆ. ಬೆಳಗಿನದೊಂದು, ಸಂಜೆಯದೊಂದು, ಮಬ್ಬಿನ ಸಾಲುಗಳದೊಂದು, ಆರು ಮುಗಿದುವು.

ಈ ತಾಲೂಕಿನಲ್ಲಿರುವ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾಲದ ಕ್ಯಾಮರಾಗಳನ್ನೂ ಸಂಗ್ರಹಿಸಿಟ್ಟಿದ್ದಾರೆ. ಯಾತ್ರೆಗೆ ಬಂದ ಕುಟುಂಬಗಳಲ್ಲಿ ಮಕ್ಕಳು ಅವುಗಳ ಮುಂದೆ ನಿಂತು ಇವೇನೆಂದು ಕೇಳಿದರೆ, ಅಜ್ಜಂದಿರಿಗೆ ವಿವರಿಸಲು ಬೇಕಾದಷ್ಟು ವಿಷಯವಿರುವುದು.

ಚಿತ್ರದಿಂದ ಲೋಕಕ್ಕೆ ತಿಳಿದ ಊರು

ಗುರುವಾಯನಕೆರೆಯಿಂದ ಮೂಡಬಿದಿರೆಗೆ ಹೋಗುವ ದಾರಿಯಲ್ಲಿ, ಫಲ್ಗುಣಿಯ ದಡದ ವೇಣೂರಿನಲ್ಲಿ ತಿಮ್ಮಣ್ಣಾಜಿಲನು ೧೬೦೪ರಲ್ಲಿ ನಿಲ್ಲಿಸಿದ ಗೊಮ್ಮಟನಿದ್ದಾನೆ. ಅಲ್ಲಿ ಒಂದು ಚಿತ್ರವನ್ನು ಕಳೆದು, ಉಳಿದ ಐದರೊಡನೆ ಛಾಯಾಗ್ರಾಹಕನು ಜೈನಕಾಶಿಯನ್ನು ಪ್ರವೇಶಿಸುತ್ತಾನೆ.

ಮೂಡಬಿದಿರೆಯ ಬಸದಿಗಳು ಹದಿನೆಂಟು. ಅವುಗಳಲ್ಲಿ ಹಿರಿದಾದುದು ೧೪೩೦ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ. ಜನರ ಬಾಯಲ್ಲಿ ಅದು ಸಾವಿರ ಕಂಬದ ಬಸದಿ. ಚಂದ್ರನಾಥ ಸ್ವಾಮಿಯ ಈ ಮೂರು ಅಂತಸ್ತಿನ ಮಂದಿರದ ಇಳಿಜಾರು ಮಾಡುಗಳು ಒಂದರ ಮೇಲೊಂದು ಕಿರಿದಾಗುತ್ತ ಏರುವುವು. ಒಳಗಿನ ಕಂಬಗಳಲ್ಲಿ ಒಂದರಂತೆ ಮತ್ತೊಂದಿಲ್ಲವೆಂಬುದು ಪ್ರಸಿದ್ಧವಾದ ಮಾತು.

ಈ ಊರಿನ ಹೆಸರು ಹೊರದೇಶದ ವಿದ್ವಾಂಸರಿಗೆ ಪರಿಚಯವಾದುದರಲ್ಲಿ ಕಪ್ಪು-ಬಿಳುಪು ಚಿತ್ರದ ಪಾತ್ರ ದೊಡ್ಡದು. ಜೇಮ್ಸ್ ಫರ್ಗುಸನ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನು ೧೮೭೬ರಲ್ಲಿ ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು ಪ್ರಕಟಿಸಿದನು. ಈ ದೇಶದ ಕಟ್ಟಡಗಳ ಮೂರು ಸಾವಿರಕ್ಕೂ ಹೆಚ್ಚು ಛಾಯಾಚಿತ್ರಗಳು ಅವನ ಬಳಿ ಇದ್ದುವು. ಅವನ್ನು ಮತ್ತೆ ಮತ್ತೆ ನೋಡಿಯೇ ಅವನು ಎಷ್ಟೋ ಕಟ್ಟಡಗಳನ್ನು ಕಂಡಷ್ಟು ಚೆನ್ನಾಗಿ ಬಲ್ಲವನಾದನು. ಮೂಡಬಿದಿರೆಯ ಬಸದಿಯ ಮತ್ತು ಜೈನ ಗುರುಗಳ ಸಮಾಧಿಗಳ ಚಿತ್ರಗಳೂ ಆ ಗ್ರಂಥದಲ್ಲಿ ಸೇರಿದುವು. ಬಸದಿಯ ಇಳಿಮಾಡುಗಳನ್ನು ಕಂಡು ಅವನಿಗೆ ನೇಪಾಳದ ಗುಡಿಗಳ ನೆನಪಾಯಿತು. ಎಲ್ಲಿಯ ಹಿಮಾಲಯ, ಎಲ್ಲಿಯ ಕನ್ನಡ ಕರಾವಳಿಯೆಂದು ಅಚ್ಚರಿಪಟ್ಟನು. ಜೂನ್ ತಿಂಗಳಿನಲ್ಲಿ ಒಮ್ಮೆ ಇಲ್ಲಿಗೆ ಬಂದಿದ್ದರೆ ಅವನ ಅಚ್ಚರಿ ಸ್ವಲ್ಪ ತಗ್ಗುತ್ತಿದ್ದಿತೇನೋ. ಅಷ್ಟೊಂದು ಮಳೆ ಬೀಳುವಲ್ಲಿ ಮಾಡು ಇಳಿಯದೆ ಮತ್ತೇನು ಮಾಡೀತು! ಹಾಗಿದ್ದರೂ ಬಣ್ಣವಿಲ್ಲದ ಒಂದು ಕಾಗದದ ತುಂಡಿನಲ್ಲಿ ಅವನು ಮಾಡಿನ ರೇಖೆಯನ್ನು ಅಷ್ಟು ಆಳವಾಗಿ ಕಂಡನೆಂಬುದು ಗಮನಿಸತಕ್ಕ ಸಂಗತಿ. ಗೋಡೆ ಯಾವ ಬಣ್ಣ, ಮರ ಎಷ್ಟು ಹಸುರು ಎಂಬುದಾವುದೂ ಅವನಿಗೆ ತಿಳಿಯಲಿಲ್ಲ. ತಿಳಿದುದು ಆಕಾರ ಮಾತ್ರ.

ಅನುಮತಿ ಪಡೆದು ಹೊರಮಂಟಪದಲ್ಲಿ ಸ್ಟ್ಯಾಂಡನ್ನು ಊರಿದವನಿಗೆ ಬೇರೊಂದು ಪಾಠ ಕಾದಿದೆ. ಕಂಬಗಳ ನಡುವೆ ಬೆಳಕು ಬಹಳ ಕಡಿಮೆ. ಮಾಪಕವು ಹತ್ತು ಸೆಕೆಂಡು ಸಾಕೆಂದು ತೋರಿಸಿದರೂ ಫಿಲ್ಮು ಅದನ್ನು ಒಪ್ಪುವುದಿಲ್ಲ. ಮಂದ ಬೆಳಕಿನಲ್ಲಿ ಅದರ ಗ್ರಹಣಶಕ್ತಿ ಕುಗ್ಗುವುದರಿಂದ ಕೆಲವು ಫಿಲ್ಮುಗಳಿಗೆ ಇಪ್ಪತ್ತು ಸೆಕೆಂಡಾದರೂ ಕೊಡಬೇಕು. ಆ ಇಪ್ಪತ್ತು ಸೆಕೆಂಡುಗಳಲ್ಲಿ ಮುಂದಿನಿಂದ ನಡೆದುಹೋದ ಭಕ್ತರು ಯಾರೂ ಚಿತ್ರದಲ್ಲಿ ಉಳಿಯುವುದಿಲ್ಲ. ನಿಂತವರು ಮಾತ್ರ ಉಳಿಯುತ್ತಾರೆ, ಆರು ಶತಮಾನಗಳಿಂದ ನಿಂತ ಕಂಬಗಳಂತೆ.

ಪೇಟೆಯ ಗದ್ದಲದಿಂದಾಚೆಗೆ ಕೊಡಂಗಲ್ಲಿನಲ್ಲಿ ಫರ್ಗುಸನ್ನನ ಪುಸ್ತಕವನ್ನು ಸೇರಿದ ಆ ಸಮಾಧಿಗಳಿವೆ. ಮುರಕಲ್ಲಿನವಾಗಿ, ಅಂತಸ್ತು ಅಂತಸ್ತಾಗಿ ಮೇಲಕ್ಕೆ ಕಿರಿದಾಗುವ ಇವುಗಳನ್ನು ನೋಡಲು ಬರುವವರು ಕಡಿಮೆ. ಪಾಚಿ ಹಿಡಿದ ಕಲ್ಲು, ಮರದ ನೆರಳು. ಹಸುರೂ ಕೆಂಪೂ ಒಂದೇ ಬೂದಿಯಾಗುವ ತೊಡಕು ಇಲ್ಲಿ ತಾನಾಗಿಯೇ ಗುಣವಾಗುವುದು: ಕಲ್ಲು ಎಲ್ಲಿ ಮುಗಿದು ಕಾಡು ಎಲ್ಲಿ ಮೊದಲಾಯಿತೆಂಬುದು ಚಿತ್ರದಲ್ಲಿಯೂ ತಿಳಿಯದು, ಸ್ಥಳದಲ್ಲಿಯೂ ತಿಳಿಯದು. ಬಸದಿಗೆ ಎರಡು, ಸಮಾಧಿಗಳಿಗೆ ಎರಡು. ಹನ್ನೊಂದು ಮುಗಿದುವು.

ಕತ್ತಲೆಯ ಕೋಣೆ

ಇಷ್ಟಾದರೂ ಚಿತ್ರವೆಂಬುದು ಇನ್ನೂ ಹುಟ್ಟಿಲ್ಲ. ಅಮೆರಿಕದ ಪ್ರಖ್ಯಾತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮೊದಲು ಪಿಯಾನೋ ಕಲಿತವನು. ನೆಗೆಟಿವನ್ನು ಅವನು ಸಂಗೀತದ ಸ್ವರಲಿಪಿಗೂ, ಅದರಿಂದ ತೆಗೆದ ಪ್ರತಿಯನ್ನು ಕಚೇರಿಗೂ ಹೋಲಿಸುತ್ತಿದ್ದನು. ಕಚೇರಿಗೆ ಮೊದಲು ಸ್ವರಲಿಪಿ ಕೆಡದೆ ಉಳಿಯಬೇಕಷ್ಟೆ. ಫಿಲ್ಮು ತೊಳೆಯುವ ದ್ರಾವಣಗಳು ೨೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಬೇಕೆಂದು ವಿದೇಶದ ಕೈಪಿಡಿಗಳು ಹೇಳುವುವು. ಕರಾವಳಿಯ ನಲ್ಲಿಯ ನೀರು ೨೮ ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ. ಫಿಲ್ಮಿನ ಮೇಲಿನ ಬೆಳ್ಳಿಯ ಕಣಗಳನ್ನು ಹಿಡಿದಿರುವ ಜೆಲಟಿನ್ ಪದರ ಬೆಚ್ಚಗಿನ ನೀರಿನಲ್ಲಿ ಉಬ್ಬಿ ಮೆತ್ತಗಾಗುವುದು. ಉಗುರು ತಗುಲಿದರೆ ಬೆಟ್ಟಕ್ಕೇ ಗಾಯ. ಆದುದರಿಂದ ಇಲ್ಲಿನವರು ಸೀಸೆಗಳನ್ನು ಐಸು ಹಾಕಿದ ಟಬ್ಬಿನಲ್ಲಿಟ್ಟು, ಶಾಖಮಾಪಕವನ್ನು ನೋಡುತ್ತ ಕೆಲಸ ಮಾಡಬೇಕು. ಮಳೆಗಾಲದಲ್ಲಾದರೆ ತೊಳೆದ ಫಿಲ್ಮು ದಿನವಾದರೂ ಸರಿಯಾಗಿ ಒಣಗದು.

ಫಿಲ್ಮು ಕೊಳ್ಳುವುದೂ ಈಗ ಸುಲಭವಲ್ಲ. ಉದಕಮಂಡಲದಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ೧೯೬೭ರಿಂದ ‘ಇಂದು’ ಎಂಬ ಹೆಸರಿನ ಫಿಲ್ಮು ಕಾಗದಗಳನ್ನು ತಯಾರಿಸುತ್ತಿದ್ದಿತು. ಇಂದು ಎಂದರೆ ಚಂದ್ರ. ಬೆಳ್ಳಿಯಿಂದಾದ ವಸ್ತುವಿಗೆ ಒಪ್ಪುವ ಹೆಸರು. ಆ ಕಾರ್ಖಾನೆ ಮುಚ್ಚಿಹೋಗಿದೆ. ಇಂದು ಈ ಹವ್ಯಾಸದವರು ಇಂಗ್ಲೆಂಡು, ಅಮೆರಿಕ, ಚೆಕ್ ದೇಶಗಳಿಂದ ಬರುವ ಫಿಲ್ಮನ್ನು ಹೆಚ್ಚಿನ ಬೆಲೆ ತೆತ್ತು ಕೊಳ್ಳಬೇಕು. ಹನ್ನೆರಡು ಚಿತ್ರಗಳ ಮಿತವ್ಯಯಕ್ಕೆ ಇದೂ ಒಂದು ಕಾರಣವೆನ್ನಬೇಕು.

ಹನ್ನೆರಡನೆಯದು

ಆಗ್ಫಾ ಕ್ಲಿಕ್-೩ ಕ್ಯಾಮರಾವನ್ನು ಬಲ್ಲ ಹಿರಿಯ ಓದುಗರಿಗೆ ಹನ್ನೆರಡರ ಲೆಕ್ಕವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅದರಲ್ಲಿಯೂ ಸುರುಳಿಗೆ ಹನ್ನೆರಡೇ ಚಿತ್ರ. ಪ್ರವಾಸ ಮುಗಿದರೂ ಒಂದು ಉಳಿದಿದ್ದರೆ ಸುರುಳಿಯನ್ನು ತೊಳೆಸಲು ಕೊಡುವಂತಿರಲಿಲ್ಲ. ದುಡ್ಡು ಕೊಟ್ಟ ಫಿಲ್ಮನ್ನು ವ್ಯರ್ಥ ಮಾಡುವುದುಂಟೆ? ಆಗ ಮನೆಯಲ್ಲಿದ್ದವರನ್ನು, ಹೆಚ್ಚಾಗಿ ಎಲ್ಲಿಗೂ ಹೋಗದೆ ಉಳಿದ ಅಜ್ಜಿಯನ್ನು, ಜಗಲಿಗೆ ಕರೆದು ಕೂರಿಸಿ ಆ ಕೊನೆಯದನ್ನು ತೆಗೆಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲೆ ಇಂದಿಗೂ ಇರುವುದು ಆ ಚಿತ್ರವೇ. ಜೋಗದ ಜಲಪಾತದ ಹನ್ನೊಂದು ಚಿತ್ರಗಳು ಎಲ್ಲಿ ಹೋದವೋ ಯಾರೂ ಕೇಳುವುದಿಲ್ಲ.

ಅವುಗಳ ನೆಗೆಟಿವುಗಳು ಮಾತ್ರ ಪೆಟ್ಟಿಗೆಯ ತಳದಲ್ಲಿ ಎಲ್ಲಿಯೋ ಇರಬಹುದು. ಇರುವಷ್ಟು ಕಾಲ ಅವುಗಳಿಂದ ಹೊಸ ಪ್ರತಿಯನ್ನು ತೆಗೆಯಬಹುದು. ಕರಾವಳಿಯ ತೇವವೇ ಅವುಗಳ ಶತ್ರು. ಜೆಲಟಿನ್ ಎಂಬುದು ಬೂಷ್ಟಿಗೆ ಆಹಾರ. ಬೂಷ್ಟು ತಗುಲಿದ ನೆಗೆಟಿವನ್ನು ನೀರಿನಲ್ಲಿ ತೊಳೆಯಲು ಹೋದರೆ ಅಜ್ಜಿಯ ಮುಖವೇ ಕರಗಿಹೋಗುವ ಭಯವುಂಟು. ಒಣಬಟ್ಟೆಯಿಂದ ತಿಕ್ಕಿದರೂ ಅಪಾಯ. ಪೆಟ್ಟಿಗೆ ತೆರೆದೊಡನೆ ವಿನೆಗರಿನಂತಹ ಹುಳಿವಾಸನೆ ಬಂದರೆ ಫಿಲ್ಮು ತಾನಾಗಿಯೇ ಕೆಡತೊಡಗಿದೆಯೆಂದು ತಿಳಿಯಬೇಕು, ಅಂತಹುದನ್ನು ಉಳಿದವುಗಳಿಂದ ಬೇರ್ಪಡಿಸಬೇಕು. ಒಳ್ಳೆಯ ಸ್ಥಿತಿಯಲ್ಲಿರುವುವನ್ನು ಅಂಚು ಹಿಡಿದು ಎತ್ತಿ, ಕಾಗದದ ಲಕೋಟೆಗಳಲ್ಲಿ ಒಂದೊಂದಾಗಿ ಹಾಕಿ, ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣದೊಡನೆ ಬಿಗಿಯಾದ ಡಬ್ಬಿಯಲ್ಲಿಟ್ಟು, ಮನೆಯ ತಂಪಾದ ಒಣಜಾಗದಲ್ಲಿ ಇರಿಸಿದರೆ ಅವುಗಳ ಆಯುಸ್ಸು ಹೆಚ್ಚುವುದು. ಲಕೋಟೆಯ ಮೇಲೆ ಊರು, ವರ್ಷ, ಚಿತ್ರದಲ್ಲಿರುವವರ ಹೆಸರುಗಳನ್ನು ಬರೆದಿಡುವುದು ಒಳ್ಳೆಯದು. ಹೆಸರು ಬಲ್ಲವರು ಮನೆಯಲ್ಲಿರುವಾಗಲೇ ಈ ಕೆಲಸವಾಗಬೇಕು.

ಹೊಳೆಯ ದಡದಲ್ಲಿದ್ದ ಹಂಚಿನ ಮನೆಗಳು ಒಂದೊಂದಾಗಿ ಕಾಂಕ್ರೀಟಾಗುತ್ತಿವೆ. ಬಿ. ಸಿ. ರೋಡಿನಿಂದ ಘಟ್ಟದವರೆಗೆ ಹೆದ್ದಾರಿ ಅಗಲವಾಗುತ್ತಿದೆ. ರಸ್ತೆಬದಿಯ ಮರಗಳ ನೆರಳು ಕಡಿಮೆಯಾಗುತ್ತಿದೆ. ಬೇಡವೆನ್ನಲು ಯಾರಿಂದಲೂ ಆಗದು, ಬೇಡವೆನ್ನಬೇಕಾದುದೂ ಇಲ್ಲ. ಹಿಂದೆ ಹೇಗಿದ್ದಿತೆಂದು ಮೊಮ್ಮಕ್ಕಳು ಕೇಳಿದಾಗ ತೋರಿಸಲು ಒಂದು ಚಿತ್ರವಿದ್ದರೆ ಸಾಕು. ಮೂರು ಊರುಗಳಿಗೆ ಹನ್ನೊಂದು ಚಿತ್ರಗಳನ್ನು ಕೊಟ್ಟು ಮನೆಗೆ ಮರಳಿದ ಛಾಯಾಗ್ರಾಹಕನ ಕ್ಯಾಮರಾದಲ್ಲಿ ಇನ್ನೊಂದು ಉಳಿದಿದೆ. ಜಗಲಿಯ ಮೇಲೆ ಸಂಜೆಯ ಬಿಸಿಲು ಇನ್ನೂ ಹತ್ತು ನಿಮಿಷ ಇರುವುದು. ಒಳಗಿನಿಂದ ಯಾರನ್ನಾದರೂ ಕರೆಯಬೇಕು.